ಹದಿನೆಂಟು ಕಲ್ಲು, ಹತ್ತೊಂಬತ್ತು ಗುಂಡಿ

ಹೋದ ತಿಂಗಳು ಇಲ್ಲಿ ಮಿಷಿಗನ್ನಿನ ಕ್ಯಾಂಟನ್‌ನಿಂದ ಒಬ್ಬ ಹುಡುಗಿ ಫೋನ್ ಮಾಡಿದ್ದಳು. ನಮ್ಮ ಪರಿಚಯದವರ ಮಗಳು, ಇಲ್ಲೇ ಹುಟ್ಟಿ ಬೆಳೆದು ಸಿವಿಲ್ ಎಂಜಿನಿಯರಿಂಗ್ ಓದಿದವಳು. "ಅಂಕಲ್, ನೀವು ವರ್ಕ್ ಮಾಡ್ತಿದ್ರಲ್ಲ, ಆ ಮಿಲಿಟರಿ ಸೆಮೆಟ್ರಿ, ಅಲ್ಲಿಗೆ ಅಪ್ಲೈ ಮಾಡಿದೀನಿ. ಕೆಲಸ ನಿಜವಾಗ್ಲೂ ಹೇಗಿರತ್ತೆ?" ಎಂದು ಕೇಳಿದಳು. ಹನ್ನೊಂದು ವರ್ಷ ಆ ಸೈನಿಕರ ಸ್ಮಶಾನದಲ್ಲಿ ದುಡಿದೆ. ಅಷ್ಟೂ ವರ್ಷ ನಮ್ಮವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ಹೆದರಿಕೆ ಆಗುವುದಿಲ್ಲವೇ ಎಂದು. ಕೆಲಸ ಹೇಗಿರುತ್ತದೆ ಎಂದು ಕೇಳಿದವಳು ಇವಳೊಬ್ಬಳೇ. ಫೋನಿನಲ್ಲಿ ಏನೋ ತಡವರಿಸಿ ಹೇಳಿ ಇಟ್ಟೆ. ಆಮೇಲೆ ಸಮಾಧಾನವಾಗದೆ ಬರೆಯಲು ಕುಳಿತಿದ್ದೇನೆ.

ನಾನು ಸತ್ತವರ ಸೇವೆಗೆಂದು ಅಮೆರಿಕಕ್ಕೆ ಬಂದವನಲ್ಲ. ಮೈಸೂರಿನಲ್ಲಿ ಬಿ.ಇ. ಮುಗಿಸಿ, ಆರೇಳು ವರ್ಷ ಅಲ್ಲೇ ದುಡಿದು ಬಂದು, ಪ್ಲಿಮತ್‌ನ ಒಂದು ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ಕಾರುಗಳ ಡ್ಯಾಶ್‌ಬೋರ್ಡ್ ಪರೀಕ್ಷಿಸಿದವನು. ಗ್ಲೋವ್ ಬಾಕ್ಸಿನ ಮುಚ್ಚಳಕ್ಕೂ ಅದರ ಚೌಕಟ್ಟಿಗೂ ನಡುವೆ ಸಂದು ಕೂದಲೆಳೆಯಷ್ಟು ಹೆಚ್ಚಿದ್ದರೂ ಕೆಂಪು ಚೀಟಿ ಅಂಟಿಸಿ ವಾಪಸ್ ಕಳಿಸುವುದು ನನ್ನ ಕೆಲಸ. ಜಗತ್ತಿನಲ್ಲಿ ಯಾರೂ ಗ್ಲೋವ್ ಬಾಕ್ಸಿನ ಸಂದನ್ನು ಬಗ್ಗಿ ನೋಡುವುದಿಲ್ಲ ಎಂಬುದು ನನಗೆ ಗೊತ್ತಿತ್ತು, ಆದರೂ ಬಹಳ ಗತ್ತಿನಿಂದ ಅಳೆಯುತ್ತಿದ್ದೆ. ಕಾರು ಕಂಪನಿಗಳ ದೊಡ್ಡವರು ವಿಮಾನ ಹತ್ತಿ ಸರ್ಕಾರದ ಮುಂದೆ ಕೈ ಚಾಚಲು ಹೋದ ಆ ಚಳಿಗಾಲದಲ್ಲಿ, ನಮಗೆಲ್ಲ ಒಂದೊಂದು ರಟ್ಟಿನ ಡಬ್ಬ ಕೊಟ್ಟು, ಸಾಮಾನು ತುಂಬಿಕೊಂಡು ಹೊರಡಿ ಎಂದರು. ನನ್ನ ಡಬ್ಬದ ತಳ ಪಾರ್ಕಿಂಗ್ ಲಾಟಿನಲ್ಲೇ ಕಿತ್ತುಬಂತು. ಕೆಂಪು ಚೀಟಿಗಳ ಕಟ್ಟು ಹಿಮದ ಮೇಲೆ ಬಿತ್ತು, ಅದನ್ನು ಎತ್ತಿಕೊಂಡು ಮನೆಗೆ ಬಂದೆ.

ಎಂಟು ತಿಂಗಳು ಕೆಲಸವಿರಲಿಲ್ಲ. ಷಿಕಾಗೋ ಪಕ್ಕದ ನೇಪರ್‌ವಿಲ್‌ನ ನನ್ನ ಗೆಳೆಯ ರಮೇಶ ಐ.ಟಿ.ಯಲ್ಲಿ ಗಟ್ಟಿಯಾಗಿ ಕುಳಿತಿದ್ದವನು. ವಾರಕ್ಕೊಮ್ಮೆ ಫೋನ್ ಮಾಡಿ, ಹೊಸದೇನಾದರೂ ಕಲಿತುಕೋ ಎಂದು ಉಪದೇಶ ಮಾಡುತ್ತಿದ್ದ. ಐವತ್ತು ದಾಟಿದವನಿಗೆ ಹೊಸದು ಕಲಿಸುವವರು ಯಾರೂ ಸಿಗಲಿಲ್ಲ. ಕೊನೆಗೆ ಮನೆಯಿಂದ ನಲವತ್ತು ಮೈಲಿ ದೂರದ ಸೈನಿಕರ ಸ್ಮಶಾನದಲ್ಲಿ ಒಂದು ಜಾಗವಿದೆ, ಸರ್ಕಾರಿ ಕೆಲಸ, ಇನ್ಶೂರೆನ್ಸ್ ಇದೆ ಎಂದು ಗೊತ್ತಾಗಿ ಅರ್ಜಿ ಹಾಕಿದೆ.

ಅಲ್ಲಿನ ಮೇಲಧಿಕಾರಿ ಡ್ವೇನ್, ಸೈನ್ಯದಿಂದ ನಿವೃತ್ತನಾಗಿ ಬಂದ ಆರಡಿ ಆಳು. ನನ್ನ ನಾಲ್ಕು ಪುಟದ ಬಯೊಡೇಟಾವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಎರಡೇ ಪ್ರಶ್ನೆ ಕೇಳಿದ. ಎಷ್ಟು ಭಾರ ಎತ್ತುತ್ತೀ, ದೆವ್ವ ಭೂತ ನಂಬುತ್ತೀಯಾ. ಮೊದಲನೆಯದಕ್ಕೆ ಸುಳ್ಳು ಹೇಳಿದೆ. ಎರಡನೆಯದಕ್ಕೆ ಇಲ್ಲ ಎಂದೆ, ಅದು ಎಷ್ಟು ಸುಳ್ಳು ಎಂದು ಮುಂದೆ ಗೊತ್ತಾಗುತ್ತದೆ.

ಕೆಲಸ ಸಿಕ್ಕ ಸುದ್ದಿ ಕೇಳಿ ನನ್ನ ಹೆಂಡತಿ ವಸಂತಾ ದೇವರ ಮುಂದೆ ದೀಪ ಹಚ್ಚಿದಳು. ಕೆಲಸ ಏನೆಂದು ಕೇಳಿ ದೀಪದ ಬತ್ತಿ ಸಣ್ಣ ಮಾಡಿದಳು. ಮಾರನೆಯ ದಿನದಿಂದ ನಿಯಮ ಜಾರಿಗೆ ಬಂತು. ನಾನು ಗ್ಯಾರೇಜಿನಿಂದ ನೇರ ಬೇಸ್‌ಮೆಂಟಿಗೆ ಇಳಿದು, ಅಲ್ಲಿ ತಲೆಗೆ ಸ್ನಾನ ಮಾಡಿ, ಬಟ್ಟೆಯನ್ನು ವಾಷಿಂಗ್ ಮೆಷಿನ್ನಿಗೆ ಬೇರೆಯಾಗಿ ಹಾಕಿ ಮೇಲೆ ಬರಬೇಕು. ಮಿಷಿಗನ್ನಿನ ಜನವರಿಯಲ್ಲಿ, ಹೊರಗೆ ಸೊನ್ನೆ ಡಿಗ್ರಿ ಫ್ಯಾರನ್‌ಹೀಟ್ ಇರುವಾಗ, ದಿನವೂ ಸಂಜೆ ಸೂತಕದ ಸ್ನಾನ. ಮಗಳು ಹೈಸ್ಕೂಲಿನಲ್ಲಿದ್ದಳು, "ಇಟ್ಸ್ ಜಸ್ಟ್ ಗ್ರಾಸ್, ಅಮ್ಮ, ಬರೀ ಹುಲ್ಲು" ಎನ್ನುತ್ತಿದ್ದಳು. ಅಮ್ಮ ಕೇಳಲಿಲ್ಲ.

ಹೊರಗಿನವರಿಗೆ ನಾನು 'ಫೆಡರಲ್ ಜಾಬ್'ನಲ್ಲಿದ್ದೆ. ರಮೇಶ ತನ್ನೂರಿನ ಯುಗಾದಿ ಸಮಾರಂಭದಲ್ಲಿ ಎಲ್ಲರಿಗೂ ನನ್ನನ್ನು ಪ್ರಾಜೆಕ್ಟ್ ಮ್ಯಾನೇಜರ್ ಎಂದು ಪರಿಚಯಿಸಿದ. ಯಾವ ಪ್ರಾಜೆಕ್ಟ್ ಎಂದು ಯಾರೋ ಕೇಳಿದರು. ಲಾಂಗ್ ಟರ್ಮ್ ಎಂದೆ. ಸೆಕ್ಯುರಿಟಿ ಕ್ಲಿಯರೆನ್ಸ್ ಬೇಕಾದ ಗುಟ್ಟಿನ ವಿಷಯ ಇರಬೇಕು ಎಂದು ಗೌರವದಿಂದ ಸುಮ್ಮನಾದರು.

ಇನ್ನು ಕೆಲಸದ ಮಾತು. ಸ್ಮಶಾನದ ಕೆಲಸವೆಂದರೆ ಹೂಳುವುದು ಎಂದು ಹೊರಗಿನವರ ಕಲ್ಪನೆ. ಹೂಳುವುದು ಒಂದು ಗಂಟೆಯ ಕೆಲಸ. ಉಳಿದ ಕಾಲವೆಲ್ಲ ಕಲ್ಲುಗಳ ಹಿಂದೆ ಓಡಾಟ. ಬಿಳಿ ಅಮೃತಶಿಲೆಯ ಕಲ್ಲು ನೆಟ್ಟ ದಿನ ನೆಟ್ಟಗಿರುತ್ತದೆ. ಒಂದು ಚಳಿಗಾಲ ಕಳೆಯುವಷ್ಟರಲ್ಲಿ ನೆಲ ಹೆಪ್ಪುಗಟ್ಟಿ ಸಡಿಲಾಗಿ, ಒಂದು ಎಡಕ್ಕೆ ವಾಲುತ್ತದೆ, ಇನ್ನೊಂದು ಎರಡಂಗುಲ ಹೂತುಹೋಗುತ್ತದೆ. ಸೈನಿಕರು ಸತ್ತ ಮೇಲೂ ಸಾಲು ತಪ್ಪಬಾರದು ಎಂಬುದು ಸರ್ಕಾರದ ನಿಯಮ. ಹಗ್ಗ ಎಳೆದು, ರಸಮಟ್ಟ ಇಟ್ಟು, ಕಲ್ಲನ್ನು ಕಿತ್ತು, ಕೆಳಗೆ ಜಲ್ಲಿ ತುಂಬಿ ಮತ್ತೆ ನೆಡುತ್ತಿರಬೇಕು.

ನನಗೆ ಇದು ಹಬ್ಬವಾಯಿತು. ಇಪ್ಪತ್ತೆರಡು ವರ್ಷ ಸಂದು ಅಳೆದವನಿಗೆ ಮೂರು ಸಾವಿರ ಕಲ್ಲು ಸಿಕ್ಕಿದ್ದವು. ಹಳಬರು ಒಂದು ಕಣ್ಣು ಮುಚ್ಚಿ ಸಾಲು ನೋಡಿ ಕೆಲಸ ಮಾಡುತ್ತಿದ್ದರು. ನಾನು ಕುಳಿತು ಚೆಕ್‌ಲಿಸ್ಟ್ ಮಾಡಿದೆ. ಮನೆಯಲ್ಲಿ ಬಿದ್ದಿದ್ದ ಕೆಂಪು ಚೀಟಿಗಳ ಕಟ್ಟನ್ನೂ ತಂದೆ. ವಾಲಿದ ಕಲ್ಲು ಕಂಡಲ್ಲೆಲ್ಲ ಒಂದು ಚೀಟಿ ಅಂಟಿಸಿದರೆ ಮಾರನೆಯ ದಿನ ಹುಡುಕುವ ಕಷ್ಟ ತಪ್ಪುತ್ತದೆ ಎಂಬುದು ನನ್ನ ಸುಧಾರಣೆ. ಒಂದು ಶುಕ್ರವಾರ ನಲವತ್ತು ಕಲ್ಲಿಗೆ ಅಂಟಿಸಿ ಮನೆಗೆ ಹೋದೆ. ಆ ಸೋಮವಾರ ಮಡಿದ ಸೈನಿಕರನ್ನು ನೆನೆಯುವ ಮೆಮೋರಿಯಲ್ ಡೇ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಬಾವುಟ, ಹೂವು, ಮೊಮ್ಮಕ್ಕಳೊಂದಿಗೆ ಬಂದ ಹಲವರಿಗೆ, ಅಪ್ಪನ ಹೆಸರಿನ ಮೇಲೆ ದಪ್ಪಕ್ಷರದಲ್ಲಿ 'ರಿಜೆಕ್ಟ್' ಎಂದು ಕಂಡಿತು.

ಡ್ವೇನ್ ಆ ದಿನ ಬೈದ ಬೈಗುಳಗಳಲ್ಲಿ ಅರ್ಧ ನನಗೆ ಹೊಸವು. ಒಬ್ಬ ಮುದುಕಿ ಮಾತ್ರ ಆ ಚೀಟಿ ಕಿತ್ತು ಪರ್ಸಿಗೆ ಹಾಕಿಕೊಂಡು, ನನ್ನ ಗಂಡನ ಬಗ್ಗೆ ನನ್ನ ಅಭಿಪ್ರಾಯವೂ ಇದೇ ಆಗಿತ್ತು ಎಂದು ಹೇಳಿ ಹೋದಳಂತೆ.

ವರ್ಷಕ್ಕೊಮ್ಮೆ ಷಿಕಾಗೋ ಕಚೇರಿಯಿಂದ ಇನ್‌ಸ್ಪೆಕ್ಟರ್ ಬರುತ್ತಿದ್ದ. ಅವನು ಸತ್ತವರನ್ನಾಗಲಿ ಬದುಕಿದವರನ್ನಾಗಲಿ ತಲೆಯೆತ್ತಿ ನೋಡಿದ್ದನ್ನು ನಾನು ಕಾಣೆ. ಸ್ಕೇಲ್ ಹಿಡಿದು ಹುಲ್ಲಿನ ಎತ್ತರ ಅಳೆಯುತ್ತಿದ್ದ. ಹುಲ್ಲು ಸರಿಯಿದ್ದರೆ ಸ್ಮಶಾನ ಸರಿಯಿದೆ ಎಂದು ಬರೆದು, ಎಲ್ಕ್ ಗ್ರೋವ್ ವಿಲೇಜ್‌ನ ಗೋದಾಮಿನಿಂದ ಬರಬೇಕಾದ ಹೊಸ ಕಲ್ಲುಗಳು ಏಕೆ ಬಂದಿಲ್ಲ ಎಂದು ನಮ್ಮನ್ನೇ ಕೇಳಿ ಹೊರಟುಬಿಡುತ್ತಿದ್ದ. ಅವನನ್ನು ಮೆಚ್ಚಿಸುವ ಆಸೆ ನನಗಿತ್ತು. ಆ ಆಸೆಯೇ ನನ್ನನ್ನು ಕೆಡಿಸಿತು.

ನಮ್ಮ ಸ್ಮಶಾನದ ಪೂರ್ವದ ಅಂಚಿನಲ್ಲಿ, ಕಾಂಪೌಂಡಿನ ಪಕ್ಕ, ದಕ್ಷಿಣದಿಂದ ಉತ್ತರಕ್ಕೆ ಒಂದು ಒಂಟಿ ಸಾಲಿತ್ತು. ಅಮೆರಿಕದವರದಲ್ಲ, ಜರ್ಮನ್ ಸೈನಿಕರದು. ಎರಡನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕವರನ್ನು ಹಡಗಿನಲ್ಲಿ ತಂದು ಇಲ್ಲಿನ ಹೊಲಗಳಲ್ಲಿ ಕೆಲಸಕ್ಕೆ ಹಚ್ಚಿದ್ದರು. ಅವರಲ್ಲಿ ಕೆಲವರು ಜ್ವರಕ್ಕೋ ಅಪಘಾತಕ್ಕೋ ಸಿಕ್ಕಿ ಇಲ್ಲೇ ಮಣ್ಣಾದರು. ಗುಂಡಿ ಹತ್ತೊಂಬತ್ತು, ಕಲ್ಲು ಹದಿನೆಂಟು. ಉತ್ತರದ ಕೊನೆಯ ಗುಂಡಿಯವನನ್ನು ಯುದ್ಧ ಮುಗಿದ ಮೇಲೆ ಅಗೆದು ಅವನ ಊರಿಗೆ ಕಳಿಸಿದ್ದರು. ಆ ಜಾಗದಲ್ಲಿ ಬರಿಯ ಹುಲ್ಲು. ಈ ಸಾಲಿಗೆ ಹೂವು ತರುವವರು ಯಾರೂ ಇರಲಿಲ್ಲ, ಹಾಗಾಗಿ ಎಲ್ಲ ಸಾಲಿಗಿಂತ ಹೆಚ್ಚು ಸೊಟ್ಟಗಾಗಿತ್ತು.

ಇನ್‌ಸ್ಪೆಕ್ಟರ್ ಬರುವ ಮೊದಲು ಅದನ್ನು ಸರಿಮಾಡುವೆನೆಂದು ನಾನೇ ಮುಂದೆ ಬಿದ್ದೆ. ಹದಿನೆಂಟೂ ಕಲ್ಲುಗಳನ್ನು ಕಿತ್ತು, ಕ್ರಮವಾಗಿ ಹುಲ್ಲಿನ ಮೇಲೆ ಮಲಗಿಸಿ, ನೆಲ ಮಟ್ಟಮಾಡಿ, ಹತ್ತೊಂಬತ್ತು ಕಡೆ ಜಲ್ಲಿಯ ಹಾಸು ಮಾಡಿದೆವು. ನಕ್ಷೆ ಕೈಯಲ್ಲಿತ್ತು. ಅದರಲ್ಲಿ ಒಂದನೆಯ ನಂಬರು ದಕ್ಷಿಣದ ತುದಿಯಲ್ಲಿ, ಕಾಂಪೌಂಡಿನ ಕಲ್ಲುಕಂಬದ ಬುಡದಲ್ಲೇ ಇತ್ತು. ಅಲ್ಲಿಂದಲೇ ಶುರು ಮಾಡಬೇಕಿತ್ತು. ಆದರೆ ದಕ್ಷಿಣ ಯಮನ ದಿಕ್ಕು. ನಮ್ಮ ಮನೆಯಲ್ಲಿ ಪಾಯ ತೋಡುವುದರಿಂದ ಹಿಡಿದು ಕಸ ಗುಡಿಸುವವರೆಗೆ ಯಾವುದನ್ನೂ ದಕ್ಷಿಣದಿಂದ ಶುರು ಮಾಡಿದ್ದಿಲ್ಲ. ಹಗ್ಗ ಹಿಡಿದು ಆ ತುದಿಗೆ ಹೋದೆ, ಕೈ ಬರಲಿಲ್ಲ. ಸುತ್ತ ಮೂರು ಸಾವಿರ ಜನ ಆಗಲೇ ಯಮನ ಪಾಲಾಗಿ ಮಲಗಿದ್ದಾರೆ, ಅವರ ನಡುವೆ ನಿಂತು ನಾನು ಅಪಶಕುನಕ್ಕೆ ಹೆದರಿದೆ. ಸಲಕರಣೆ ಎತ್ತಿಕೊಂಡು ಈಶಾನ್ಯದ ಮೂಲೆಗೆ ನಡೆದೆ. ಸಾಲಿನ ಕೊನೆಯ ಕಲ್ಲನ್ನು ಮೊದಲು ನೆಟ್ಟೆ, ಉತ್ತರದ ತುದಿಯ ಹಾಸಿನಲ್ಲಿ. ಅಲ್ಲಿಂದ ಒಂದೊಂದೇ ನೆಡುತ್ತ ದಕ್ಷಿಣಕ್ಕೆ ಬಂದೆ.

ಕೊನೆಗೆ ಒಂದು ಜಾಗ ಖಾಲಿ ಉಳಿಯಿತು. ಒಂದು ಜಾಗ ಖಾಲಿ ಉಳಿಯಬೇಕು ಎಂದು ನಕ್ಷೆಯಲ್ಲೂ ಇತ್ತು. ಲೆಕ್ಕ ತಾಳೆಯಾಯಿತೆಂದು ಚೆಕ್‌ಲಿಸ್ಟಿಗೆ ಸಹಿ ಹಾಕಿದೆ. ಖಾಲಿ ಉಳಿದದ್ದು ಯಾವ ತುದಿ ಎಂಬ ಕಾಲಂ ಆ ಹಾಳೆಯಲ್ಲಿರಲಿಲ್ಲ. ಹಾಳೆ ತಯಾರಿಸಿದವನು ನಾನೇ. ಹೀಗೆ ಒಂದನೆಯವನಿಗೆ ಕಲ್ಲೇ ಇಲ್ಲವಾಯಿತು, ಉಳಿದ ಹದಿನೇಳು ಜನ ಒಬ್ಬರ ಹೆಸರಿನ ಕೆಳಗೆ ಇನ್ನೊಬ್ಬರು ಮಲಗಿದರು. ಸಾಲು ಮಾತ್ರ ಗೆರೆ ಎಳೆದಷ್ಟು ನೇರವಾಗಿತ್ತು. ಇನ್‌ಸ್ಪೆಕ್ಟರ್ ಮೊದಲ ಸಲ ತಲೆಯೆತ್ತಿ ನೋಡಿ ಭೇಷ್ ಎಂದ.

ಒಂದು ವರ್ಷ ಕಳೆಯಿತು. ಬೇಸಿಗೆಯಲ್ಲಿ ಜರ್ಮನಿಯಿಂದ ಒಂದು ಪತ್ರ ಬಂತು. ಬರೆದವಳು ಹನ್ನಾ ಎಂಬ ಮುದುಕಿ. ಒಂದನೆಯ ನಂಬರಿನ ಕಾರ್ಲ್ ಅವಳ ಅಣ್ಣ. ಅವನು ಹೋದಾಗ ಅವಳಿಗೆ ಎಂಟು ವರ್ಷ. ತಾಯಿ ಸಾಯುವಾಗ, ನನ್ನ ಗೋರಿಯ ಮೇಲಿನ ಒಂದು ಹಿಡಿ ಮಣ್ಣನ್ನು ಅವನ ಮೇಲೆ ಹಾಕು ಎಂದಿದ್ದಳಂತೆ. ಅದನ್ನು ತೆಗೆದುಕೊಂಡು ಮೊಮ್ಮಗಳೊಂದಿಗೆ ಸೆಪ್ಟೆಂಬರಿನಲ್ಲಿ ಬರುತ್ತೇನೆ, ಗುರುತಿಗೆ ಫೋಟೋ ಕಳಿಸಿದ್ದೇನೆ ಎಂದು ಬರೆದಿದ್ದಳು. ಫೋಟೋದಲ್ಲಿ ನಾಲ್ವರು ಸೆರೆಯಾಳುಗಳು ಟೋಪಿ ತೆಗೆದು ನಿಂತಿದ್ದರು. ಮುಂದೆ ಹಸಿಮಣ್ಣಿನ ದಿಬ್ಬ. ದಿಬ್ಬಕ್ಕೆ ತಾಗಿಕೊಂಡೇ ಕಾಂಪೌಂಡಿನ ಕಲ್ಲುಕಂಬ.

ಆಫೀಸಿನ ಕಿಟಕಿಯಿಂದ ನೋಡಿದೆ. ಕಂಬದ ಬುಡದಲ್ಲಿ ಹುಲ್ಲಿತ್ತು, ಕಲ್ಲು ಇರಲಿಲ್ಲ. ನಕ್ಷೆ ತೆಗೆದು ಮೂರು ಸಲ ನೋಡಿದೆ, ಮೂರು ಸಲವೂ ನಾನು ಮಾಡಿದ್ದು ತಪ್ಪೇ ಆಗಿತ್ತು.

ಡ್ವೇನ್‌ಗೆ ಹೇಳಿದೆ. ಅವನು ಬೈಯಲಿಲ್ಲ, ಬಾಗಿಲು ಮುಚ್ಚಿದ. ಕಲ್ಲು ಸರಿಸಬೇಕೆಂದರೆ ಷಿಕಾಗೋಗೆ ಬರೆದು ಅನುಮತಿ ಪಡೆಯಬೇಕು, ಬರೆದರೆ ಕಾರಣ ಹೇಳಬೇಕು, ಚೆಕ್‌ಲಿಸ್ಟಿನಲ್ಲಿ ನಿನ್ನದೊಂದೇ ಸಹಿ ಇದೆ ಎಂದು ವಿವರಿಸಿದ. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಹೊರಗೆ ಎರಡೆರಡು ಡಿಗ್ರಿಯವರು ಪಿಜ್ಜಾ ಹಂಚುತ್ತಿದ್ದ ಕಾಲ. ವಸಂತಾಳ ಎರಡೂ ಮಂಡಿಯ ಆಪರೇಷನ್ ಅಕ್ಟೋಬರಿಗೆ ನಿಗದಿಯಾಗಿತ್ತು, ಅದೆಲ್ಲ ನಿಂತಿದ್ದು ನನ್ನ ಇನ್ಶೂರೆನ್ಸಿನ ಮೇಲೆ. ಡ್ವೇನ್ ಕೊಟ್ಟ ಸಲಹೆ ಸರಳವಾಗಿತ್ತು. ಮುದುಕಿ ಬರುತ್ತಾಳೆ, ನಲವತ್ತು ನಿಮಿಷ ಇರುತ್ತಾಳೆ, ಕಲ್ಲಿನ ಮುಂದೆ ಅತ್ತು ಹೋಗುತ್ತಾಳೆ. ಅಣ್ಣ ನಾಲ್ಕಡಿ ಆಚೆಗಿದ್ದಾನೆ ಅಷ್ಟೆ. ಅವಳು ಹೋದ ಮೇಲೆ ಒಂದು ದಿನ ಸದ್ದಿಲ್ಲದೆ ಸರಿಮಾಡೋಣ.

ನನಗೆ ಅದು ಬಹಳ ವಿವೇಕದ ಮಾತಾಗಿ ಕಂಡಿತು. ಬೇಸ್‌ಮೆಂಟಿನಲ್ಲಿ ಸ್ನಾನ ಮಾಡಿ ಮೇಲೆ ಬಂದು ವಸಂತಾಳಿಗೂ ಅದನ್ನೇ ಹೇಳಿದೆ, ಅವಳ ಮಂಡಿಯ ಮಾತನ್ನು ಒತ್ತಿ ಹೇಳಿದೆ. ಅವಳು ಹುರುಳಿಕಾಯಿ ಹೆಚ್ಚುತ್ತಿದ್ದಳು, ಚಾಕು ಕೆಳಗಿಟ್ಟಳು.

"ರೀ, ಮಾವನೋರು ಹೋದಾಗ ನೀವು ತಡವಾಗಿ ಹೋದ್ರಿ. ನಿಮ್ಮ ಚಿಕ್ಕಪ್ಪನ ಮಗ ಪಶ್ಚಿಮವಾಹಿನಿಗೆ ಕರ್ಕೊಂಡು ಹೋಗಿ, ಇಲ್ಲೇ ಅಸ್ಥಿ ಬಿಟ್ಟಿದ್ದು ಅಂತ ಮೆಟ್ಟಿಲು ತೋರಿಸಿದ್ದ. ನೀವು ಅಲ್ಲಿ ಕೂತು ಅತ್ತು ಬಂದ್ರಿ. ಮೂರು ವರ್ಷ ಆದ್ಮೇಲೆ, ಅದು ಸಂಗಮದಲ್ಲಿ ಬಿಟ್ಟಿದ್ದು, ದೂರ ಅಂತ ಕರ್ಕೊಂಡು ಹೋಗ್ಲಿಲ್ಲ ಅಂದ. ಇವತ್ತಿನವರೆಗೂ ಅವನ ಜೊತೆ ಮಾತಿಲ್ಲ ನಿಮಗೆ."

ನಾನು ಹುರುಳಿಕಾಯಿಯ ತಟ್ಟೆಯನ್ನು ನನ್ನ ಕಡೆಗೆ ಎಳೆದುಕೊಂಡೆ.

"ಅದು ನೀರು, ಹರಿದು ಹೋಗತ್ತೆ. ಇದು ಆಯಮ್ಮನ ತಾಯಿ ಮಣ್ಣು. ಬೇರೆಯವರ ಮಗನ ಮೇಲೆ ಹಾಕಿಸ್ತೀರಾ? ನನ್ನ ಮಂಡಿ ಹೆಸರು ಹೇಳ್ಬೇಡಿ ಇದಕ್ಕೆ. ನಾನು ಹೀಗೇ ಕುಂಟ್ಕೊಂಡು ಇರ್ತೀನಿ."

ಆ ಚಿಕ್ಕಪ್ಪನ ಮಗನನ್ನು ನಾನು ಎಷ್ಟು ದ್ವೇಷಿಸಿದ್ದೆ ಎಂದು ನನಗೆ ಮಾತ್ರ ಗೊತ್ತು. ಈಗ ಅವನ ಜಾಗದಲ್ಲಿ ನಾನೇ ನಿಂತಿದ್ದೆ. ನಾಚಿಕೆಯಾಯಿತು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಹನ್ನಾ ಬಂದಳು. ಸಣ್ಣ ಆಳು, ಬೂದು ಕೋಟು, ಕೈಯಲ್ಲಿ ಬಟ್ಟೆಯ ಪುಟ್ಟ ಚೀಲ. ಇಂಗ್ಲಿಷ್ ಬರುತ್ತಿದ್ದುದು ಮೊಮ್ಮಗಳಿಗೆ. ಡ್ವೇನ್ ದೂರದಲ್ಲಿ ನಿಂತು ನನಗೆ ತಲೆಯಾಡಿಸಿ ಬೇಡ ಎಂದು ಸನ್ನೆ ಮಾಡಿದ. ಅಷ್ಟರಲ್ಲಿ ಮುದುಕಿ ಕಾರ್ಲ್ ಎಂಬ ಹೆಸರು ಕಂಡು ಆ ಕಲ್ಲಿನ ಮುಂದೆ ಮಂಡಿಯೂರಿಬಿಟ್ಟಿದ್ದಳು, ಚೀಲದ ದಾರ ಬಿಚ್ಚುತ್ತಿದ್ದಳು. ಮಾತು ಜೋಡಿಸಿಕೊಳ್ಳಲು ಸಮಯವಿರಲಿಲ್ಲ. ಇಲ್ಲಿ ಹಾಕಬೇಡಿ, ನಿಮ್ಮ ಅಣ್ಣ ಇಲ್ಲಿಲ್ಲ, ಅಲ್ಲಿ ಕಂಬದ ಹತ್ತಿರ ಇದ್ದಾನೆ, ಕಲ್ಲು ತಪ್ಪಾಗಿ ನೆಟ್ಟವನು ನಾನು, ಕ್ಷಮಿಸಿ ಎಂದು ಒಂದೇ ಉಸಿರಿಗೆ ಹೇಳಿದೆ. ಮೊಮ್ಮಗಳು ಕೆಂಪಗಾಗಿ ನನ್ನನ್ನು ನೋಡಿ, ಆಮೇಲೆ ಅಜ್ಜಿಯ ಕಿವಿಯಲ್ಲಿ ಹೇಳಿದಳು.

ಹನ್ನಾ ಎದ್ದಳು. ಕೋಟಿನಿಂದ ಹುಲ್ಲು ಕೊಡವಿದಳು. ಫೋಟೋ ತೆಗೆದು ಕಂಬವನ್ನು ನೋಡಿದಳು, ನನ್ನನ್ನು ನೋಡಿದಳು. ಹಾಗಾದರೆ ಇಲ್ಲಿ ಮಲಗಿರುವವನು ಯಾರು ಎಂದು ಮೊಮ್ಮಗಳಿಂದ ಕೇಳಿಸಿದಳು. ಪಕ್ಕದ ಕಲ್ಲಿನ ಹೆಸರು ತೋರಿಸಿದೆ. ಮುಂದಿನದರ ಕೆಳಗೆ? ಅದರ ಪಕ್ಕದವನು ಎಂದೆ. ಅವಳು ಸಾಲಿನ ಕೊನೆಯವರೆಗೆ ಕಣ್ಣು ಹಾಯಿಸಿ, ಮೊಮ್ಮಗಳಿಂದ ಕುರ್ಚಿ ತರಿಸಿ ಕುಳಿತಳು. ಈಗಲೇ ಸರಿಮಾಡಿ, ನಾನು ಕಾಯುತ್ತೇನೆ ಎಂದಳು.

ಡ್ವೇನ್ ಹತ್ತಿರ ಬಂದ. ಅನುಮತಿಯಿಲ್ಲದೆ ಆಗುವುದಿಲ್ಲ ಎನ್ನುತ್ತಾನೆ ಎಂದುಕೊಂಡೆ. ಅವನು ಷಿಕಾಗೋಗೆ ಫೋನ್ ಮಾಡಿದ, ಮೂರು ರಿಂಗ್ ಆದ ಮೇಲೆ ಇಟ್ಟುಬಿಟ್ಟ. "ಯಾರೂ ಎತ್ತಲಿಲ್ಲ ಅಂತ ಬರ್ಕೊ" ಎಂದು ನನಗೆ ಹೇಳಿ, ಕಲ್ಲು ಎತ್ತುವ ಲೋಡರ್ ಗಾಡಿ ತರಲು ಹೋದ.

ಮುಂದಿನ ಪರಿಣಾಮವನ್ನು ಇಲ್ಲೇ ಹೇಳಿಬಿಡುತ್ತೇನೆ. ಕೆಲಸ ಹೋಗಲಿಲ್ಲ. ಎರಡು ಪುಟದ ಎಚ್ಚರಿಕೆ ಪತ್ರ ಬಂತು, ಕಾಯಂ ಆಗುವುದು ಎರಡು ವರ್ಷ ತಡವಾಯಿತು. ನನ್ನ ಚೆಕ್‌ಲಿಸ್ಟನ್ನು ಇನ್‌ಸ್ಪೆಕ್ಟರ್ ತನ್ನದೆಂದು ಹೇಳಿ ಬೇರೆ ಸ್ಮಶಾನಗಳಿಗೆ ಹಂಚಿದ, ತುದಿಯ ಕಾಲಂ ಸೇರಿಸಿ. ವಸಂತಾ ಈಗ ನನಗಿಂತ ಜೋರಾಗಿ ನಡೆಯುತ್ತಾಳೆ.

ಆ ದಿನ ದಕ್ಷಿಣದಿಂದಲೇ ಶುರು ಮಾಡಿದೆವು. ಬೇರೆ ದಾರಿಯಿರಲಿಲ್ಲ, ಖಾಲಿ ಜಾಗ ಇದ್ದದ್ದು ಅಲ್ಲೇ. ಕಾರ್ಲ್‌ನ ಕಲ್ಲನ್ನು ಕಂಬದ ಬುಡಕ್ಕೆ ತಂದು ರಸಮಟ್ಟ ಇಟ್ಟು ನಿಲ್ಲಿಸಿದೆ. ಸರಿಯಿದೆ ಎಂದೆ. ಹನ್ನಾ ಕುರ್ಚಿಯಿಂದಲೇ ಬೆರಳು ಅಲ್ಲಾಡಿಸಿದಳು, ಎಡಕ್ಕೆ ವಾಲಿದೆಯಂತೆ. ಮತ್ತೆ ನೋಡಿದೆ, ವಾಲಿತ್ತು. ಪ್ಲಿಮತ್‌ನ ಇಪ್ಪತ್ತೆರಡು ವರ್ಷಗಳಲ್ಲಿ ಇಷ್ಟು ಕಟ್ಟುನಿಟ್ಟಿನ ಮೇಲಧಿಕಾರಿ ನನಗೆ ಸಿಕ್ಕಿರಲಿಲ್ಲ. ಮೂರನೆಯ ಸಲ ಒಪ್ಪಿದಳು. ಚೀಲದ ಮಣ್ಣನ್ನು ಕಲ್ಲಿನ ಬುಡಕ್ಕೆ ಸುರಿದು, ಅಂಗೈಯಿಂದ ಒತ್ತಿ ಒತ್ತಿ ಸಮಮಾಡಿದಳು, ಮಗುವಿನ ಹೊದಿಕೆ ಸರಿಮಾಡುವ ಹಾಗೆ. ನಾನು ಬೇರೆ ಕಡೆ ನೋಡಿದೆ.

ಇನ್ನು ಹೊರಡುತ್ತಾಳೆ ಎಂದುಕೊಂಡೆ. ಅವಳು ಕುರ್ಚಿಯನ್ನು ನಾಲ್ಕಡಿ ಉತ್ತರಕ್ಕೆ ಸರಿಸಿ ಮತ್ತೆ ಕುಳಿತಳು. ಎರಡನೆಯ ಕಲ್ಲು ನಿಂತ ಮೇಲೆ ಅದರ ಹೆಸರನ್ನು ಗಟ್ಟಿಯಾಗಿ ಓದಿದಳು. ಮೂರನೆಯದಾದ ಮೇಲೆ ಅದನ್ನೂ ಓದಿದಳು. ಮಧ್ಯಾಹ್ನ ದಾಟಿತು. ವಸಂತಾ ಕಟ್ಟಿಕೊಟ್ಟಿದ್ದ ಮೊಸರನ್ನವನ್ನು ನಾಲ್ವರೂ ಹಂಚಿಕೊಂಡು ತಿಂದೆವು. ಆ ಸಾಲಿನವರ ಹೆಸರನ್ನು ಅವರ ಭಾಷೆಯವರೊಬ್ಬರು ಸರಿಯಾಗಿ ಉಚ್ಚರಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹದಿನೆಂಟನೆಯ ಹೆಸರನ್ನು ಎದ್ದು ನಿಂತು ಓದಿದಳು.

ಸಾಲಿನ ಉತ್ತರದ ತುದಿಯಲ್ಲಿ ಈಗ ಸರಿಯಾದ ಖಾಲಿ ಜಾಗ ಉಳಿದಿತ್ತು. ಇದು ಯಾರದು ಎಂದು ಕೇಳಿಸಿದಳು. ಇವನ ಮನೆಯವರು ಯುದ್ಧ ಮುಗಿದ ಮೇಲೆ ಪತ್ರ ಬರೆದು ಕೇಳಿಕೊಂಡರು, ಸರ್ಕಾರ ಊರಿಗೆ ಕಳಿಸಿತು ಎಂದು ಕಡತದಲ್ಲಿದ್ದುದನ್ನು ಹೇಳಿದೆ. ಮೊಮ್ಮಗಳು ಅದನ್ನು ತಿಳಿಸಿದಳು. ಹನ್ನಾ ಬಗ್ಗಿ ಅಲ್ಲಿನ ಜಲ್ಲಿಯನ್ನು ಮುಟ್ಟಿದಳು. ಆಮೇಲೆ ಸಣ್ಣ ದನಿಯಲ್ಲಿ ಏನೋ ಹೇಳಿದಳು. ಮೊಮ್ಮಗಳು ನಮ್ಮ ಕಡೆ ತಿರುಗಿದಳು.

"ತನ್ನಮ್ಮನೂ ಬರೆದಿದ್ದಳು ಅಂತಾರೆ ಅಜ್ಜಿ. ಮೂರು ಸಲ. ಉತ್ತರ ಬರಲಿಲ್ಲವಂತೆ."

ಡ್ವೇನ್ ಟೋಪಿ ತೆಗೆದ. ನಾನು ಕ್ಷಮಿಸಿ ಎಂದೆ. ಕಲ್ಲಿನ ತಪ್ಪಿಗಲ್ಲ, ಅದಕ್ಕೆ ಬೆಳಿಗ್ಗೆಯೇ ಕೇಳಿಯಾಗಿತ್ತು. ಆ ಮೂರು ಪತ್ರ ತೆಗೆದುಕೊಂಡ ಸರ್ಕಾರದ ಪರವಾಗಿ ಯಾರಾದರೂ ಒಬ್ಬರು ಹೇಳಬೇಕಿತ್ತು. ಅಲ್ಲಿ ಅದರ ಮುದ್ರೆಯಿದ್ದ ಜಾಕೆಟ್ ತೊಟ್ಟು ನಿಂತಿದ್ದವರಲ್ಲಿ ಮಾತು ಹೊರಟವನು ನಾನೊಬ್ಬನೇ.